ಹತ್ತರಲ್ಲೊಂದು

ದಶಾಂಶವನ್ನು ಮೊದಲು ಓದು, ಅಂದಿದ್ದ ಮುದುಕ ಹುಮೆನ್ಯುಕ್,
ಚುಕ್ಕಿಯ ಬಲಗಡೆಯದನ್ನು.
ಎಡಗಡೆಯ ಅಂಕಿ ದಪ್ಪ ಮನುಷ್ಯ, ಬೇಗ ಏಳುವುದಿಲ್ಲ.
ಬಲಗಡೆಯದು ಇಲಿಮರಿ. ನೀನು ಬಂದದ್ದು ಗೊತ್ತಾದರೆ ಸಾಕು,
ಜಾಗ ಬಿಡುತ್ತದೆ.

ಅದಕ್ಕೇ ಉಸಿರು ಹಿಡಿ.

ಸಸ್ಕಾಚೆವಾನಿನ ಬಯಲು. ಬೆಳಗಿನ ಐದೂ ಮುಕ್ಕಾಲು.
ವಾರಕ್ಕೊಂದೇ ವಿಮಾನ ಇಳಿಯುವ ಪಟ್ಟಿಯ ಪಕ್ಕ
ನಾಲ್ಕು ಕಾಲಿನ ಬಿಳಿ ಪೆಟ್ಟಿಗೆ, ಬಾಗಿಲು ಉತ್ತರಕ್ಕೆ.
ಒಳಗೆ ಗಾಜಿನ ಕಡ್ಡಿ, ಕಡ್ಡಿಯೊಳಗೆ ನೂಲಿನಷ್ಟು ಪಾದರಸ.
ಮೂವತ್ತೆಂಟು ದಾಟಿ ಇಳಿದರೆ ಅದೂ ಕಲ್ಲಾಗುತ್ತದೆ,
ಆಮೇಲೆ ಪಕ್ಕದ ಕೆಂಪು ಸಾರಾಯಿಯ ಕಡ್ಡಿಯನ್ನೇ ನಂಬಬೇಕು.
ಸಾರಾಯಿಯನ್ನು ನಂಬಿದ ಊರೇ ಇದು, ಎನ್ನುತ್ತಿದ್ದ ಹುಮೆನ್ಯುಕ್.

ಕೈಯಲ್ಲಿ ಟಾರ್ಚು, ಎದೆಯಲ್ಲಿ ಉಸಿರು, ಎರಡನ್ನೂ ಬಿಗಿಹಿಡಿದು
ಓದುತ್ತಿದ್ದೆ: ಏಳು. ಆಮೇಲೆ ಇಪ್ಪತ್ತಾರು.
ಕೊನೆಗೆ ನೆನಪಾಗಿ, ಎಲ್ಲಕ್ಕೂ ಮುಂದೆ ಒಂದು ಮೈನಸ್ಸು.
ಸೊನ್ನೆಗೂ ಮೈನಸ್ ಹಾಕುತ್ತೇವೆ ನಾವು,
ಸೊನ್ನೆಯಿಂದ ಕೂದಲೆಳೆಯಷ್ಟು ಕೆಳಗೆ ಜಾರಿದ ದಿನ.

ಗಾಳಿಗೆ ಬೇರೆ ಲೆಕ್ಕ.
ಕಂಬದ ತುದಿಯಲ್ಲಿ ಬಟ್ಟಲುಗಳು ಸುತ್ತುತ್ತವೆ,
ಗಂಟೆಗೆ ಮೂವತ್ತು ಕಿಲೋಮೀಟರ್ ಅನ್ನೋಣ.
ಎರಡನ್ನೂ ಕ್ಯಾಲ್ಕುಲೇಟರಿಗೆ ಉಣಿಸಿದರೆ ಹುಟ್ಟುವುದು
ಗಾಳಿಚಳಿ. ಅದು ಯಾವ ಕಡ್ಡಿಯಲ್ಲೂ ಕಾಣಿಸುವುದಿಲ್ಲ,
ಹೇಳುವಾಗ ಡಿಗ್ರಿ ಇಲ್ಲ, ದಶಾಂಶವಿಲ್ಲ.
ಟ್ರ್ಯಾಕ್ಟರಿಗೆ ಅದು ಗೊತ್ತಿಲ್ಲ. ಬೇಲಿಯ ತಂತಿಗೆ ಗೊತ್ತಿಲ್ಲ.
ಹೊರಗೆ ಮರೆತ ಬಕೆಟ್ಟು ಗಾಳಿ ಎಷ್ಟೇ ಬೀಸಲಿ
ಕಡ್ಡಿ ಹೇಳಿದಲ್ಲಿಗೇ ಇಳಿದು ನಿಲ್ಲುತ್ತದೆ.
ಚರ್ಮ ಇದ್ದವರಿಗೆ ಮಾತ್ರ ಬರೆದ ಕಾಗದ ಅದು.

ಕಾಫಿ ಅಂಗಡಿಯ ಗಂಡಸರು ನಗುತ್ತಾರೆ:
ನಮ್ಮ ಕಾಲದಲ್ಲಿ ಚಳಿ ಅಂದರೆ ಚಳಿ, ಇದೆಲ್ಲ ಗಾಳಿಮಾತು.
ಗಾಳಿಯ ಮಾತು, ಹೌದು.
ಗಾಳಿಮಾತಲ್ಲ.

ಆರಕ್ಕೆ ಸರಿಯಾಗಿ ಫೋನು.
ಲೋರ್ನ್ ಪೆಟಿಗ್ರೂ, ಶಾಲೆಯ ಹಳದಿ ಬಸ್ಸಿನವನು.
'ಎಷ್ಟು, ವೆರ್ನಾ?'
ನಲವತ್ತೈದಾದರೆ ಬಸ್ಸು ಹೊರಡುವುದಿಲ್ಲ,
ನಲವತ್ತನಾಲ್ಕಾದರೆ ಹೊರಡುತ್ತದೆ.
ಅದು ಶಾಲಾ ಮಂಡಳಿಯ ಗೆರೆ. ನಾನು ಎಳೆದದ್ದಲ್ಲ.

ಆ ಫೆಬ್ರವರಿಯ ಮಂಗಳವಾರ ನನಗೆ ಕೆಮ್ಮು.
ಬಾಗಿಲು ತೆರೆದೆ, ಹಿಡಿದ ಉಸಿರು ಕೈತಪ್ಪಿತು, ಒಂದೇ ಒಂದು ಕೆಮ್ಮು
ಬಿಳಿ ಮೋಡವಾಗಿ ಗಾಜನ್ನು ತಬ್ಬಿ ಹೋಯಿತು.
ಓದಿದೆ: ಒಂದು. ಆಮೇಲೆ ಇಪ್ಪತ್ತೊಂಬತ್ತು.
ಗಾಳಿ ಮೂವತ್ತು.
ನಲವತ್ತನಾಲ್ಕು ಪಾಯಿಂಟ್ ನಾಲ್ಕು ನಾಲ್ಕು, ಅಂದಿತು ಕ್ಯಾಲ್ಕುಲೇಟರು.
ಬಾಲ ಉದುರಿಸಿ ಲೋರ್ನನಿಗೆ ಹೇಳಿದೆ, ನಲವತ್ತನಾಲ್ಕು.

ಒಂದರ ಬದಲು ಎರಡಿದ್ದಿದ್ದರೆ?
ನಲವತ್ತನಾಲ್ಕು ಪಾಯಿಂಟ್ ಐದು ಏಳು. ಅಂದರೆ ನಲವತ್ತೈದು.
ಆ ಲೆಕ್ಕ ಮಾಡಿದ್ದು ಸಂಜೆ.
ಬೆಳಿಗ್ಗೆ ಹತ್ತು ನಿಮಿಷ ಕಾದು ಮತ್ತೆ ಓದಬಹುದಿತ್ತು.
ಕಾಲು ಮರಗಟ್ಟಿತ್ತು. ಒಳಗೆ ಒಲೆ ಇತ್ತು.

ರೈಲುದಾರಿಯ ಆಚೆ, ಲಫ್ರೆನೇ ಮನೆಯ ರಸ್ತೆಯ ತುದಿಯಲ್ಲಿ
ಒಂಬತ್ತು ವರ್ಷದ ಆಡೆಲ್ ನಿಂತಿದ್ದಳು,
ಟೊಪ್ಪಿಗೆಯನ್ನು ಒಂದು ಕಡೆ ಮೇಲಕ್ಕೆ ತಳ್ಳಿ,
ಬಸ್ಸಿನ ಸದ್ದು ಎಲ್ಲರಿಗಿಂತ ಮೊದಲು ತನಗೇ ಕೇಳಬೇಕೆಂದು.
ಗೂಡ್ಸು ಗಾಡಿ ಅಡ್ಡ ಬಂತು.
ನೂರಾ ಹದಿನೆಂಟು ಬೋಗಿ, ಎಲ್ಲ ಗೋಧಿ; ಲೋರ್ನ್ ಎಣಿಸಿದನಂತೆ.
ಅಷ್ಟರಲ್ಲಿ ಅವಳ ಬಲಗಿವಿ ಮೇಣದ ಹಾಗೆ ಬೆಳ್ಳಗಾಗಿತ್ತು.

ಕಿವಿ ಉಳಿಯಿತು. ತುದಿಯಲ್ಲಿ ಎಳ್ಳಿನಷ್ಟು ಕಡಿಮೆ.
ಯಾರೂ ನನ್ನನ್ನು ಏನೂ ಕೇಳಲಿಲ್ಲ.
ಮರುದಿನ ಆರಕ್ಕೇ ಫೋನು.
'ಎಷ್ಟು, ವೆರ್ನಾ?'

ಈಗ ಯಂತ್ರ ಬಂದಿದೆ. ಅದಕ್ಕೆ ಶ್ವಾಸಕೋಶವಿಲ್ಲ.
ನಿಮಿಷಕ್ಕೊಮ್ಮೆ ತಾನೇ ಓದಿ ತಾನೇ ಕಳಿಸುತ್ತದೆ.
ಬಿಳಿ ಪೆಟ್ಟಿಗೆಯಲ್ಲಿ ಗುಬ್ಬಿ ಸಂಸಾರ ಹೂಡಿದೆ.

ಆಡೆಲ್ ಈಗ ಅಂಗಡಿಯಲ್ಲಿ ನನ್ನ ಆಲೂಗಡ್ಡೆ ತೂಗುತ್ತಾಳೆ,
ಕೂದಲನ್ನು ಬಲಗಿವಿಯ ಹಿಂದಕ್ಕೆ ಸಿಕ್ಕಿಸಿಕೊಂಡು.
ತಕ್ಕಡಿಯ ಪರದೆಯಲ್ಲಿ ಅಂಕಿ ತಡವರಿಸುತ್ತದೆ, ನಿಲ್ಲುತ್ತದೆ.
ನಾನು ಬಲಗಡೆಯದನ್ನು ಮೊದಲು ಓದುತ್ತೇನೆ,
ಉಸಿರು ಹಿಡಿದು.